ನೆರೆ ಇಳಿದ ಮೇಲೆ ಅಂಗಡಿಯ ಬಾಗಿಲು ತೆರೆಯಲು: ವಿಮೆ, ಬ್ಯಾಂಕು, ಪತ್ತಿನ ಸಂಘ, ಸ್ವಂತ ಮೀಸಲು – ಒಂದು ಹೋಲಿಕೆ

ನೆರೆ ಇಳಿದ ಮೇಲೆ ಸಣ್ಣ ಉದ್ದಿಮೆದಾರನಿಗೆ ಎರಡು ಬಗೆಯ ಹಣ ಬೇಕಾಗುತ್ತದೆ. ಕೆಸರು ತೆಗೆಸಲು, ನೀರು ಕುಡಿದ ಮೋಟಾರುಗಳನ್ನು ರಿವೈಂಡ್ ಮಾಡಿಸಲು, ಕೆಲಸಗಾರರು ಬೇರೆ ಊರು ಹಿಡಿಯದಂತೆ ಅವರ ಪಗಾರ ಕೊಡಲು ಮೊದಲ ವಾರಗಳಲ್ಲೇ ಬೇಕಾಗುವ ಹಣ ಒಂದು. ಹಾಳಾದ ಯಂತ್ರವನ್ನೂ ಸರಕನ್ನೂ ಮತ್ತೆ ಕೊಳ್ಳಲು ಬೇಕಾಗುವ ದೊಡ್ಡ ಮೊತ್ತ ಇನ್ನೊಂದು. ಗೋಕಾಕದಲ್ಲಿ ಘಟಪ್ರಭೆಗೆ ಸಮೀಪದ ಓಣಿಯೊಂದರಲ್ಲಿ ಮುದ್ರಣಾಲಯ ನಡೆಸುವ ನಾನು, 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ನೆರೆಗಳಲ್ಲಿ ವಿಮೆ, ಬ್ಯಾಂಕಿನ ಸಾಲ ಮರುಹೊಂದಾಣಿಕೆ, ಪತ್ತಿನ ಸಹಕಾರ ಸಂಘದ ಸಾಲ ಮತ್ತು ಸ್ವಂತ ಮೀಸಲು ಹಣ ಈ ನಾಲ್ಕನ್ನೂ ಬಳಸಿದ್ದೇನೆ. ಯಾವುದು ಎಷ್ಟು ಕೊಡುತ್ತದೆ ಎಂಬುದನ್ನಷ್ಟೇ ನೋಡಿ ಇವುಗಳನ್ನು ಹೋಲಿಸುವುದು ಸಾಲದು. ಯಾವುದು ಯಾವಾಗ ಕೈಸೇರುತ್ತದೆ ಮತ್ತು ಕೈಸೇರುವ ಮುನ್ನ ಏನೇನು ಕೇಳುತ್ತದೆ ಎಂಬುದನ್ನೂ ನೋಡಬೇಕು.

ಸರ್ಕಾರಿ ಪರಿಹಾರದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ರಾಜ್ಯ ವಿಪತ್ತು ಸ್ಪಂದನಾ ನಿಧಿಯ ಮಾನದಂಡಗಳನ್ನು ರೂಪಿಸಿರುವುದು ಮುಖ್ಯವಾಗಿ ಜೀವಹಾನಿ, ಮನೆ, ಬೆಳೆ ಮತ್ತು ಜಾನುವಾರುಗಳನ್ನು ಗಮನದಲ್ಲಿಟ್ಟುಕೊಂಡು. ಕೈಮಗ್ಗದ ನೇಕಾರರು ಮತ್ತು ಕುಶಲಕರ್ಮಿಗಳ ಉಪಕರಣ, ಕಚ್ಚಾ ಸಾಮಗ್ರಿಗಳಿಗೆ ಅಲ್ಲಿ ಸಣ್ಣ ಮೊತ್ತವೊಂದಿದೆ. ಅಂಗಡಿಯೊಳಗೆ ನೆನೆದುಹೋದ ಮಾಲಿಗೆ ಆ ಲೆಕ್ಕದಲ್ಲಿ ಸ್ಥಾನವಿಲ್ಲವೆಂದೇ ತಿಳಿದು ಯೋಜನೆ ಹಾಕಿಕೊಳ್ಳುವುದು ಕ್ಷೇಮ. ಆದರೆ ಕಂದಾಯ ಇಲಾಖೆಯವರು ಬಂದಾಗ ಅಂಗಡಿಯ ಪಂಚನಾಮೆಯನ್ನು ಮಾತ್ರ ಬಿಡದೆ ಮಾಡಿಸಿಕೊಳ್ಳಬೇಕು, ಏಕೆಂದರೆ ವಿಮಾ ಕಂಪನಿಯ ಮುಂದೆಯೂ ಬ್ಯಾಂಕಿನ ಮುಂದೆಯೂ ಅದು ಸಾಕ್ಷಿಯಾಗಿ ನಿಲ್ಲುತ್ತದೆ.

ದೊಡ್ಡ ಮೊತ್ತವನ್ನು, ಅದೂ ಮರಳಿ ತೀರಿಸಬೇಕಿಲ್ಲದ ಮೊತ್ತವನ್ನು, ಕೊಡುವುದು ವಿಮೆಯೊಂದೇ. 2019ರಲ್ಲಿ ನನ್ನ ಬಳಿ ಇದ್ದದ್ದು ಕ್ಯಾಶ್ ಕ್ರೆಡಿಟ್ ಖಾತೆಯ (ಸರಕನ್ನು ಅಡವಿಟ್ಟು, ಮಿತಿಯೊಳಗೆ ಬೇಕಾದಾಗ ಹಣ ತೆಗೆಯುವ ಸಾಲದ ಖಾತೆ) ಜೊತೆಗೆ ಬ್ಯಾಂಕಿನವರೇ ಮಾಡಿಸಿದ್ದ ಹಳೆಯ ಮಾದರಿಯ ಅಗ್ನಿ ವಿಮೆ. ಅಂಥ ಪಾಲಿಸಿಗಳಲ್ಲಿ ಬಿರುಗಾಳಿ ಮತ್ತು ನೆರೆಯ ಭಾಗವನ್ನು ಕೈಬಿಟ್ಟು ಪ್ರೀಮಿಯಂ ಇಳಿಸಿಕೊಳ್ಳಲು ಅವಕಾಶವಿತ್ತು, ಹಾಗೆ ಕೈಬಿಟ್ಟಿದ್ದ ನೆರೆಹೊರೆಯ ವ್ಯಾಪಾರಿಗಳಿಗೆ ಒಂದು ರೂಪಾಯಿಯೂ ಬರಲಿಲ್ಲ. ನನ್ನ ಪಾಲಿಸಿಯಲ್ಲಿ ಆ ಭಾಗ ಉಳಿದಿತ್ತು. ಹಣವೂ ಮಂಜೂರಾಯಿತು. ಆದರೆ ಅಡವಿಟ್ಟ ಸರಕಿನ ಪಾಲಿಸಿಯಲ್ಲಿ ಸಾಮಾನ್ಯವಾಗಿ ಇರುವ ‘ಅಗ್ರೀಡ್ ಬ್ಯಾಂಕ್ ಕ್ಲಾಸ್’ ಎಂಬ ಷರತ್ತಿನ ಪ್ರಕಾರ ಪರಿಹಾರವನ್ನು ಮೊದಲು ಬ್ಯಾಂಕಿಗೆ ಪಾವತಿಸಲಾಗುತ್ತದೆ. ಸಾಲದ ಬಾಕಿ ಇಳಿಯಿತು, ಕಾಗದ ಕೊಳ್ಳಲು ಕೈಯಲ್ಲಿ ನಗದು ಮಾತ್ರ ಇರಲಿಲ್ಲ. ಖಾತೆಯ ಮಿತಿಯೊಳಗೆ ಮತ್ತೆ ಹಣ ತೆಗೆಯಲು ಬ್ಯಾಂಕು ಒಪ್ಪುವವರೆಗೆ ಯಂತ್ರಗಳು ನಿಂತೇ ಇದ್ದವು. ಸಾಲದ ಮೇಲೆ ವ್ಯವಹಾರ ನಡೆಸುವ ಪ್ರತಿಯೊಬ್ಬರೂ ಈ ಷರತ್ತಿನ ಪರಿಣಾಮ ಏನೆಂದು ತಮ್ಮ ಬ್ಯಾಂಕಿನಲ್ಲಿ ನೆರೆಗೆ ಮೊದಲೇ ಕೇಳಿ ತಿಳಿದುಕೊಳ್ಳಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಜಾರಿಗೆ ತಂದ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಎಂಬ ಪ್ರಮಾಣಿತ ಪಾಲಿಸಿ ಒಂದೇ ಸ್ಥಳದಲ್ಲಿ 5 ಕೋಟಿ ರೂಪಾಯಿಯವರೆಗಿನ ಆಸ್ತಿಯಿರುವ ಉದ್ದಿಮೆಗಳಿಗೆ ಸಿಗುತ್ತದೆ. ಆ ವರ್ಷದ ನವೀಕರಣಕ್ಕೆ ನಾನು ಆರಿಸಿಕೊಂಡದ್ದು ಅದನ್ನೇ, ಕೆಲವೇ ತಿಂಗಳಲ್ಲಿ ಅದರ ಪರೀಕ್ಷೆಯೂ ನಡೆಯಿತು. ನೆರೆ, ಬಿರುಗಾಳಿ, ಭೂಕುಸಿತಗಳು ಇದರಲ್ಲಿ ಮೂಲದಿಂದಲೇ ಸೇರಿವೆ. ಹಳೆಯದಕ್ಕೂ ಇದಕ್ಕೂ ಇರುವ ಬಹುಮುಖ್ಯ ವ್ಯತ್ಯಾಸ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದಾಗ ಎದುರಾಗುವ ಕಡಿತದಲ್ಲಿದೆ. ಇಪ್ಪತ್ತು ಲಕ್ಷ ಬೆಲೆಯ ಆಸ್ತಿಗೆ ಹತ್ತು ಲಕ್ಷದ ವಿಮೆಯಿದ್ದು ನಾಲ್ಕು ಲಕ್ಷದ ಹಾನಿಯಾದರೆ, ಕೈಗೆ ಬರುವುದು ನಾಲ್ಕು ಲಕ್ಷವಲ್ಲ, ಅದರ ಅರ್ಧ. ಅದರಲ್ಲಿಯೂ ಪಾಲಿಸಿದಾರನೇ ಹೊರಬೇಕಾದ ಪಾಲು ಮತ್ತು ಹಾಳಾದ ಮಾಲನ್ನು ರದ್ದಿಗೆ ಹಾಕಿದಾಗ ಸಿಗುವ ಬೆಲೆ ಕಳೆಯುತ್ತವೆ. ಹೊಸ ಪಾಲಿಸಿಯಲ್ಲಿ ಕೊರತೆ ಶೇಕಡಾ 15ರೊಳಗಿದ್ದರೆ ಈ ಪ್ರಮಾಣದ ಕಡಿತ ಮಾಡುವಂತಿಲ್ಲ. ಮದುವೆಯ ಹಂಗಾಮಿಗೆ ಕಾಗದದ ದಾಸ್ತಾನು ಏರಿ ಮಳೆಗಾಲದಲ್ಲಿ ಇಳಿಯುವ ನಮ್ಮಂಥ ಕಸುಬಿನವರಿಗೆ ಇದು ನಿಜವಾದ ಅನುಕೂಲ.

ಆದರೂ ವಿಮೆ ವೇಗದ ದಾರಿಯಲ್ಲ. ಹಾನಿಯನ್ನು ಅಂದಾಜು ಮಾಡುವ ಸರ್ವೇಯರ್ ಬಂದು ನೋಡುವವರೆಗೆ ಹಾಳಾದ ಮಾಲನ್ನು ಎಸೆಯುವಂತಿಲ್ಲ, ಎಸೆಯದೆ ಅಂಗಡಿ ತೊಳೆಯುವಂತಿಲ್ಲ. 2019ರಲ್ಲಿ ತಾಲ್ಲೂಕಿನ ತುಂಬ ಹಾನಿಯಾಗಿದ್ದರಿಂದ ಸರ್ವೇಯರ್‌ಗಾಗಿ ಕಾಯುವುದೇ ದೊಡ್ಡ ಕೆಲಸವಾಯಿತು. ಎರಡನೆಯ ಸಲ ನಾನು ಕಂಪನಿಗೆ ಲಿಖಿತವಾಗಿ ತಿಳಿಸಿ, ಪ್ರತಿಯೊಂದು ರೀಮನ್ನೂ ಯಂತ್ರದ ನಂಬರ್ ಪ್ಲೇಟನ್ನೂ ಗೋಡೆಯ ಮೇಲಿನ ನೀರಿನ ಗುರುತಿನ ಸಮೇತ ವೀಡಿಯೊ ಮಾಡಿ, ಕಂಪನಿಯ ಒಪ್ಪಿಗೆ ಪಡೆದ ಮೇಲೆ ಮಾದರಿಗಳನ್ನಷ್ಟೇ ಉಳಿಸಿಕೊಂಡು ಸ್ವಚ್ಛತೆ ಆರಂಭಿಸಿದೆ. ಇಲ್ಲಿ ಜಿಎಸ್‌ಟಿಯ ಒಂದು ವಿಷಯವನ್ನು ಹೇಳಲೇಬೇಕು. ನಾಶವಾದ ಸರಕಿನ ಮೇಲೆ ಪಡೆದಿದ್ದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟನ್ನು (ಖರೀದಿಯಲ್ಲಿ ಕಟ್ಟಿದ ತೆರಿಗೆಗೆ ಸಿಗುವ ವಜಾ) ಕಾಯ್ದೆಯ 17(5)(ಎಚ್) ವಿಧಿಯಂತೆ ಹಿಂದಿರುಗಿಸಬೇಕಾಗುತ್ತದೆ, ಆದ್ದರಿಂದ ಸರಕಿನ ಬೆಲೆಯನ್ನು ತೆರಿಗೆ ಬಿಟ್ಟು ಲೆಕ್ಕ ಹಾಕಿ ಕ್ಲೇಮು ಸಲ್ಲಿಸಿದರೆ ಆ ತೆರಿಗೆಯ ಭಾರ ವ್ಯಾಪಾರಿಯ ಮೇಲೆಯೇ ಬೀಳುತ್ತದೆ. ವಿಮಾ ಮೊತ್ತ ನಿಗದಿಪಡಿಸುವಾಗಲೇ ಇದನ್ನು ಲೆಕ್ಕ ಪರಿಶೋಧಕರೊಡನೆ ಮಾತಾಡಿ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ಅಂಗಡಿ ಮುಚ್ಚಿದ ದಿನಗಳಲ್ಲಿ ಕೈತಪ್ಪಿದ ಲಾಭವನ್ನು ಈ ಪಾಲಿಸಿ ಕೊಡುವುದಿಲ್ಲ, ಅದಕ್ಕೆ ಬೇರೆ ಪಾಲಿಸಿ ಬೇಕು. ನಮ್ಮ ಗಾತ್ರದ ವ್ಯವಹಾರಕ್ಕೆ ಅದರ ಪ್ರೀಮಿಯಂ ಹೊರೆಯೆನಿಸಿ ನಾನು ಅದನ್ನು ತೆಗೆದುಕೊಂಡಿಲ್ಲ.

ಬ್ಯಾಂಕಿನ ಮರುಹೊಂದಾಣಿಕೆಯ ಸ್ವರೂಪವೇ ಬೇರೆ. ರಿಸರ್ವ್ ಬ್ಯಾಂಕಿನ 2018ರ ನಿರ್ದೇಶನಗಳ ಪ್ರಕಾರ, ನೈಸರ್ಗಿಕ ವಿಕೋಪ ಪೀಡಿತವೆಂದು ಘೋಷಿತವಾದ ಪ್ರದೇಶಗಳಲ್ಲಿ ಬ್ಯಾಂಕುಗಳು ವಿಕೋಪದ ದಿನದಿಂದ ಮೂರು ತಿಂಗಳೊಳಗೆ ಸಾಲಗಳನ್ನು ಮರುಹೊಂದಿಸಬಹುದಾಗಿತ್ತು, ಹಾಗೆ ಮರುಹೊಂದಿಸಿದ ಸಾಲವನ್ನು ಸುಸ್ತಿಯೆಂದು ಪರಿಗಣಿಸದಿರಲು ಅವಕಾಶವಿತ್ತು. ಕಂತುಗಳಿಗೆ ಬಿಡುವು ಸಿಕ್ಕಿದ್ದು ನನಗೆ ದೊಡ್ಡ ನೆಮ್ಮದಿ ತಂದಿತು, ಸಾಲದ ದಾಖಲೆ ಕೆಡಲಿಲ್ಲ. ಆದರೆ ಬಿಡುವಿನ ಅವಧಿಯಲ್ಲಿ ಬಡ್ಡಿ ನಿಲ್ಲುವುದಿಲ್ಲ, ಹೊಸ ಹಣವೂ ತಾನಾಗಿ ಬರುವುದಿಲ್ಲ. ವಿಮೆಯ ಜೊತೆಗೆ ಇಟ್ಟು ನೋಡಿದಾಗ ಇದು ನಷ್ಟವನ್ನು ತುಂಬುವ ಸಾಧನವಲ್ಲ, ನಷ್ಟವನ್ನು ಮುಂದಿನ ವರ್ಷಗಳಿಗೆ ಹಂಚುವ ಸಾಧನ. ಅರ್ಜಿ ಕೊಡದವರಿಗೆ ಇದು ದೊರೆಯುವುದೂ ಇಲ್ಲ. ಶಾಖೆಯಿಂದ ಕರೆ ಬರುತ್ತದೆಂದು ಕಾದ ಹಲವರಿಗೆ ಗಡುವು ಮೀರಿಹೋಯಿತು.

ಪತ್ತಿನ ಸಂಘದ ಬಡ್ಡಿ ಬ್ಯಾಂಕಿಗಿಂತ ಹೆಚ್ಚು, ಮೊತ್ತ ಕಡಿಮೆ. ಹಾಗಿದ್ದರೂ ಮೊದಲ ವಾರದಲ್ಲಿ ನನ್ನ ಕೈಗೆ ಬಂದ ಹೊರಗಿನ ಹಣ ಅದೊಂದೇ, ಏಕೆಂದರೆ ಸಂಘದ ನಿರ್ದೇಶಕರೇ ಓಣಿಯೊಳಗೆ ಬಂದು ಯಾರ ಅಂಗಡಿಗೆ ಎಷ್ಟು ನೀರು ನುಗ್ಗಿದೆಯೆಂದು ಕಣ್ಣಾರೆ ನೋಡಿದ್ದರು, ಜಾಮೀನುದಾರರೂ ಅದೇ ಬೀದಿಯವರಾಗಿದ್ದರು. ನೆರೆ ಇಡೀ ಪಟ್ಟಣವನ್ನು ಹಿಡಿದಾಗ ಜಾಮೀನುದಾರನೂ ಸಾಲಗಾರನಷ್ಟೇ ಕಷ್ಟದಲ್ಲಿರುತ್ತಾನೆ ಎಂಬುದು ಈ ವ್ಯವಸ್ಥೆಯ ಗಂಭೀರ ದೌರ್ಬಲ್ಯ, ಮತ್ತು ಒಂದೇ ಊರಿನ ಸದಸ್ಯರ ಠೇವಣಿಯನ್ನು ನೆಚ್ಚಿದ ಸಂಘಕ್ಕೆ ಒಂದೇ ವಾರದಲ್ಲಿ ಎಲ್ಲರೂ ಹಣ ಕೇಳಿದರೆ ಕೊಡುವ ಶಕ್ತಿ ಉಳಿಯುವುದಿಲ್ಲ.

ಈ ಕಾರಣದಿಂದಲೇ 2019ರ ನಂತರ ಎರಡು ತಿಂಗಳ ಪಗಾರ, ಬಾಡಿಗೆ ಮತ್ತು ರಿಪೇರಿಗೆ ಸಾಕಾಗುವಷ್ಟು ಹಣವನ್ನು ವ್ಯವಹಾರದ ಖಾತೆಯಿಂದ ಪ್ರತ್ಯೇಕಿಸಿ ಠೇವಣಿ ಇಡುತ್ತ ಬಂದೆ. ಅದನ್ನು ಸಾಲವಿರುವ ಬ್ಯಾಂಕಿನಲ್ಲಿ ಇಡದೆ ಬೇರೆ ಬ್ಯಾಂಕಿನಲ್ಲಿ ಇಟ್ಟೆ. 2021ರಲ್ಲಿ ಅದರ ಬೆಲೆ ತಿಳಿಯಿತು: ಕ್ಲೇಮಿನ ಕಡತ ಇನ್ನೂ ಮೇಜಿನ ಮೇಲಿರುವಾಗಲೇ ಯಂತ್ರಗಳು ತಿರುಗತೊಡಗಿದವು, ಶಾಲೆಗಳ ಕೆಲಸ ಬೇರೆ ಮುದ್ರಣಾಲಯಗಳಿಗೆ ಹೋಗಲಿಲ್ಲ. ಗಿರಾಕಿಗಳನ್ನು ಉಳಿಸಿಕೊಳ್ಳುವ ವಿಷಯದಲ್ಲಿ ಈ ಸಣ್ಣ ಮೊತ್ತ ವಿಮೆಯ ದೊಡ್ಡ ಮೊತ್ತಕ್ಕಿಂತ ಹೆಚ್ಚು ಕೆಲಸ ಮಾಡಿತೆಂಬುದು ನನ್ನ ಖಚಿತ ಅಭಿಪ್ರಾಯ.

ಹಣದ ದಾರಿಗಳಷ್ಟೇ ಮುಖ್ಯವಾದದ್ದು ನೀರು ಬರುವ ಮುಂಚಿನ ಗಂಟೆಗಳು. ಘಟಪ್ರಭೆಗೆ ಕಟ್ಟಿರುವ ಹಿಡಕಲ್ ಅಣೆಕಟ್ಟೆಯ ಹೊರಹರಿವನ್ನು ಮಾತ್ರ ನೋಡಿದರೆ ಗೋಕಾಕದವರಿಗೆ ಪೂರ್ಣ ಚಿತ್ರ ಸಿಗದು. ಹಿರಣ್ಯಕೇಶಿ ಮತ್ತು ಮಾರ್ಕಂಡೇಯ ನದಿಗಳ ನೀರೂ ಘಟಪ್ರಭೆಯನ್ನು ಸೇರುತ್ತದೆ. ಹಾಗಾಗಿ ಹೊರಹರಿವಿನ ಅಂಕಿಯ ಜೊತೆಗೆ ಲೋಳಸೂರ ಸೇತುವೆಯ ಬಳಿಯ ಮಟ್ಟವನ್ನೂ ಗಮನಿಸುತ್ತೇವೆ. ಮಟ್ಟ ಏರುತ್ತಿದ್ದರೆ ಮೊದಲು ಬಿಚ್ಚುವುದು ಮೋಟಾರುಗಳನ್ನು ಮತ್ತು ಕಂಟ್ರೋಲ್ ಪ್ಯಾನೆಲ್ಲನ್ನು, ಆಮೇಲೆ ಕಾಗದ. ಆಫ್‌ಸೆಟ್ ಯಂತ್ರದ ಕಬ್ಬಿಣದ ಭಾಗ ನೀರಿನಲ್ಲಿ ನಿಂತರೂ ಬೇಗ ತೊಳೆದು ಎಣ್ಣೆ ಹಚ್ಚಿದರೆ ಉಳಿಯುತ್ತದೆ, ವಿದ್ಯುತ್ ಭಾಗ ಉಳಿಯುವುದು ಕಷ್ಟ. ಕಾಗದವಿಡಲು ಕಟ್ಟಿಸಿದ ಅಟ್ಟದ ಖರ್ಚು ಒಂದೇ ನೆರೆಯಲ್ಲಿ ವಸೂಲಾಯಿತು. ಟ್ಯಾಲಿ ತಂತ್ರಾಂಶದಲ್ಲಿನ ಲೆಕ್ಕ, ಖರೀದಿ ಬಿಲ್ಲುಗಳು, ಬ್ಯಾಂಕಿಗೆ ಕೊಡುವ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ಇವುಗಳ ಪ್ರತಿ ಅಂಗಡಿಯ ಹೊರಗೆ, ಇಂಟರ್‌ನೆಟ್ಟಿನ ಕ್ಲೌಡ್ ಸಂಗ್ರಹದಲ್ಲಿಯೂ ಇರಬೇಕು. ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಒಂದು ಸಂಖ್ಯೆ, ಕ್ಲೇಮಿನಲ್ಲಿ ಇನ್ನೊಂದು ಸಂಖ್ಯೆ ಇದ್ದರೆ ಸರ್ವೇಯರ್ ಒಪ್ಪುವುದು ಕಡಿಮೆಯದನ್ನೇ.

ಎಲ್ಲರಿಗೂ ಒಂದೇ ಕ್ರಮ ಹೊಂದುವುದಿಲ್ಲ. ನಮ್ಮೂರಿನ ಕರದಂಟು ತಯಾರಕರಲ್ಲಿ ದುಬಾರಿ ಯಂತ್ರಗಳಿಲ್ಲದೆ, ಬೆಲ್ಲ, ಅಂಟು, ಒಣಹಣ್ಣುಗಳನ್ನು ಬೇಕಾದಷ್ಟೇ ತಂದು ಮಾಡುವ ಸಣ್ಣವರಿಗೆ ಮೀಸಲು ಹಣವೂ ಎತ್ತರದ ಕಪಾಟೂ ಮೊದಲು, ವಿಮೆ ಆಮೇಲೆ. ಯಂತ್ರದ ಮೇಲೆ ಸಾಲ ಮಾಡಿರುವ ಮುದ್ರಣಾಲಯ, ವಿದ್ಯುತ್ ಮಗ್ಗ, ವರ್ಕ್‌ಶಾಪುಗಳಿಗೆ ವಿಮೆಯೇ ಮೊದಲು, ಅದರ ಬೆನ್ನಿಗೇ ಎರಡು ತಿಂಗಳ ಮೀಸಲು. ಬ್ಯಾಂಕಿನ ಅರ್ಜಿಯನ್ನು ನೀರು ಇಳಿದ ವಾರವೇ ಕೊಟ್ಟು ಸ್ವೀಕೃತಿ ಪಡೆಯಬೇಕು, ಸಂಘದ ಸಾಲವನ್ನು ಇವು ಮೂರೂ ಸಾಲದಿದ್ದಾಗ ಮಾತ್ರ ಮುಟ್ಟಬೇಕು. ಪಾಲಿಸಿಯ ನವೀಕರಣದ ದಿನಾಂಕವನ್ನು ನಾನು ಮೇ ತಿಂಗಳಿಗೆ ತಂದುಕೊಂಡಿದ್ದೇನೆ. ಮುಂಗಾರಿಗೆ ಮುನ್ನ ದಾಸ್ತಾನು ಎಣಿಸಿ, ಯಂತ್ರಗಳ ಈಗಿನ ಬೆಲೆಗೆ ತಕ್ಕಂತೆ ಮೊತ್ತವನ್ನು ತಿದ್ದಲು ಆಗ ಸಮಯವಿರುತ್ತದೆ.