ಕೊಂಡ ಕಥೆಯಲ್ಲಿ ಸಿಕ್ಕ ಊರು: 'ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್' ವಿಮರ್ಶೆ

ಆಟಗಾರರು ಒಂದೊಂದು ಪಾತ್ರವಾಗಿ, ದಾಳ ಎಸೆಯುತ್ತ ಕಥೆಯೊಂದನ್ನು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೆಯ ಆವೃತ್ತಿಗಾಗಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆ 2014ರಲ್ಲಿ ಹೊರತಂದ ಸ್ಟಾರ್ಟರ್ ಸೆಟ್ ಎಂಬ ಹೊಸಬರ ಪೆಟ್ಟಿಗೆಯಲ್ಲಿ 32 ಪುಟಗಳ ನಿಯಮಪುಸ್ತಕ, ಮೊದಲೇ ಸಿದ್ಧಪಡಿಸಿದ ಐದು ಪಾತ್ರಗಳ ಹಾಳೆಗಳು, ಆರು ದಾಳಗಳು ಮತ್ತು 'ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್' ಎಂಬ 64 ಪುಟಗಳ ಕಥಾಪುಸ್ತಕ ಇವೆ. ಮೈಸೂರಿನ ಸರಸ್ವತಿಪುರಂನಲ್ಲಿ ಭಾನುವಾರಗಳಂದು ಸೇರುವ ನಮ್ಮ ತಂಡಕ್ಕೆ ನಾನು ಡಂಜನ್ ಮಾಸ್ಟರ್ ಆಗಿ, ಎಂದರೆ ಕಥೆ ಹೇಳುತ್ತ ಆಟ ನಡೆಸುವವನಾಗಿ, ಈ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿಯೇ ಆಡಿಸಿದ್ದೇನೆ. ಪ್ರಕಟಿತ ಕಥೆಯನ್ನು ಕೊಂಡು ಆಡಿಸುವುದು ಸೋಮಾರಿತನ, ಒಳ್ಳೆಯ ಮಾಸ್ಟರ್ ತನ್ನ ಲೋಕವನ್ನು ತಾನೇ ಕಟ್ಟಬೇಕು ಎಂಬ ಮಾತು ಈ ಆಟದವರಲ್ಲಿ ಆಗಾಗ ಕೇಳಿಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಕಥೆಯೊಳಗಿನ ಪ್ರತಿಯೊಬ್ಬರಿಗೂ ತಮ್ಮದೇ ಆದ ಬೇಡಿಕೆಯೊಂದು ಇದ್ದರೆ ಆ ಪುಸ್ತಕ ಕೊಳ್ಳಲು ಯೋಗ್ಯ, ಮತ್ತು ಈ ಪುಸ್ತಕದ ಅರ್ಧಕ್ಕಿಂತ ಹೆಚ್ಚು ಭಾಗ ಆ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಮುಂದಿನ ಸಾಲುಗಳಲ್ಲಿ ಕಥೆಯ ಗುಟ್ಟುಗಳಿರುವುದರಿಂದ, ಆಟಗಾರರಾಗಿ ಆಡಬಯಸುವವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಮುಮ್ಮಡಿ ಕೃಷ್ಣರಾಜ ಒಡೆಯರು ಸ್ವತಃ ಮಣೆಯಾಟಗಳನ್ನು ರಚಿಸಿದ ಊರಿನಲ್ಲಿ ದಾಳದ ಪರಿಚಯವನ್ನು ಯಾರಿಗೂ ಮಾಡಿಕೊಡಬೇಕಿಲ್ಲ. ಆದರೆ ಪಗಡೆ, ಚೌಕಾಬಾರ ಆಡಿ ಬೆಳೆದವರು ಈ ಆಟದ ಮುಂದೆ ಕುಳಿತಾಗ ಮೊದಲು ಕೇಳುವುದು, ಇದರಲ್ಲಿ ಮಾಡಬೇಕಾದದ್ದೇನು ಎಂದು. ಪುಸ್ತಕ ಇದಕ್ಕೆ ನೇರ ಉತ್ತರ ಕೊಡುತ್ತದೆ: ಗುಂಡ್ರೆನ್ ರಾಕ್‌ಸೀಕರ್ ಎಂಬ ಕುಬ್ಜನ ಸಾಮಾನಿನ ಗಾಡಿಯನ್ನು ನೆವರ್‌ವಿಂಟರ್ ನಗರದಿಂದ ಫ್ಯಾಂಡಲಿನ್ ಎಂಬ ಸಣ್ಣ ಊರಿಗೆ ತಲುಪಿಸಬೇಕು, ತಲುಪಿಸಿದರೆ ತಲೆಗೆ ಹತ್ತು ಚಿನ್ನದ ನಾಣ್ಯ. ದಾರಿಯಲ್ಲಿ ಎರಡು ಕುದುರೆಗಳು ಬಾಣ ನಾಟಿ ಸತ್ತು ಬಿದ್ದಿವೆ. ಅವು ಮುಂದೆ ಹೊರಟಿದ್ದ ಗುಂಡ್ರೆನ್ ಮತ್ತು ಅವನ ಜೊತೆಗಾರ ಸಿಲ್ಡಾರ್‌ನ ಕುದುರೆಗಳು. ಇಷ್ಟರಿಂದಲೇ ಹೊಸಬರು ಆಟದೊಳಗೆ ಬಂದುಬಿಡುತ್ತಾರೆ.

ಅಲ್ಲಿಂದ ಸಿಗುವ ಗುಹೆಯಲ್ಲಿ ಗಾಬ್ಲಿನ್ ಎಂಬ ಕುಳ್ಳ ದುಷ್ಟಜೀವಿಗಳ ಗುಂಪೊಂದಿದೆ. ಕ್ಲಾರ್ಗ್ ಎಂಬ ಬಗ್‌ಬೇರ್ (ಗಾಬ್ಲಿನ್‌ಗಳಿಗಿಂತ ದೊಡ್ಡದಾದ, ಮೈತುಂಬ ಕೂದಲಿರುವ ಜೀವಿ) ಅವರ ಯಜಮಾನ, ಯೀಮಿಕ್ ಎಂಬ ಗಾಬ್ಲಿನ್ ಅವನ ಕೈಕೆಳಗಿನವನು. ಯೀಮಿಕ್‌ಗೆ ಯಜಮಾನನ ಜಾಗದ ಮೇಲೆ ಕಣ್ಣು. ಸೆರೆಸಿಕ್ಕ ಸಿಲ್ಡಾರ್‌ನನ್ನು ಬಂಡೆಯಂಚಿಗೆ ಎಳೆತಂದು, ಕ್ಲಾರ್ಗ್‌ನ ತಲೆ ತಂದುಕೊಟ್ಟರೆ ಇವನನ್ನು ಬಿಡುತ್ತೇನೆ ಎಂದು ಅವನು ಚೌಕಾಸಿಗೆ ಇಳಿಯುತ್ತಾನೆ. ಕತ್ತಿ ಹಿರಿದು ನಿಂತಿದ್ದ ನಮ್ಮ ತಂಡ ಆ ಕ್ಷಣದಲ್ಲಿ ದಾಳ ಕೆಳಗಿಟ್ಟು ತಮ್ಮತಮ್ಮಲ್ಲೇ ವಾದಕ್ಕೆ ಕುಳಿತಿತು: ಇವನ ಮಾತನ್ನು ನಂಬಬಹುದೇ, ನಂಬಿ ಗೆದ್ದ ಮೇಲೆ ಈ ಗುಹೆಯನ್ನು ಇವನ ಕೈಗೆ ಕೊಟ್ಟು ಹೋಗುವುದು ಸರಿಯೇ? ಈ ಆಟ ಬರೀ ಹೊಡೆದಾಟವಲ್ಲವೆಂದು ಉಪದೇಶಿಸುವ ಅಗತ್ಯ ನನಗೆ ಬೀಳಲಿಲ್ಲ, ಏಕೆಂದರೆ ಆ ಕೆಲಸವನ್ನು ಪುಸ್ತಕ ಒಬ್ಬ ದುರಾಸೆಯ ಗಾಬ್ಲಿನ್‌ನಿಂದ ಮಾಡಿಸಿತ್ತು.

ಎರಡನೆಯ ಅಧ್ಯಾಯವಾದ ಫ್ಯಾಂಡಲಿನ್ ಊರು ಈ ಪುಸ್ತಕದ ನಿಜವಾದ ಆಸ್ತಿ. ರೆಡ್‌ಬ್ರ್ಯಾಂಡ್ ಎಂಬ ಪುಂಡರ ಗುಂಪು ಊರನ್ನು ಹೆದರಿಸಿಟ್ಟಿದೆ. ಊರ ಮುಖ್ಯಸ್ಥ ಹಾರ್ಬಿನ್ ವೆಸ್ಟರ್ ಆ ಪುಂಡರ ಹೆಸರೆತ್ತಲೂ ಅಂಜುತ್ತಾನೆ. ಕ್ವೆಲಿನ್ ಎಂಬ ರೈತ ಮಹಿಳೆಯ ಮಗ ಕಾರ್ಪ್‌ಗೆ ಅವರ ಅಡಗುದಾಣದ ಗುಪ್ತದಾರಿ ಗೊತ್ತು. ಗಣಿಗಾರರ ವಿನಿಮಯ ಕೇಂದ್ರ ನಡೆಸುವ ಹ್ಯಾಲಿಯಾ ಥಾರ್ನ್‌ಟನ್ ಪುಂಡರ ನಾಯಕನನ್ನು ಮುಗಿಸಲು ಹಣ ಕೊಡುವುದಾಗಿ ಹೇಳುತ್ತಾಳೆ, ಆದರೆ ಅವಳಿಗೆ ಬೇಕಿರುವುದು ಆ ಗುಂಪಿನ ಮೇಲಿನ ಹಿಡಿತ. ನಮ್ಮಲ್ಲಿ ಮಂಡ್ಯದ ಕಬ್ಬು ಬೆಳೆಯುವ ಮನೆಯಿಂದ ಬಂದ ಗೆಳೆಯನೊಬ್ಬನಿದ್ದಾನೆ. ಗಣಿಗಾರರು ತಂದ ಅದಿರು ಈ ಕೇಂದ್ರದಲ್ಲಿ ತೂಕವಾಗುತ್ತದೆ ಎಂದು ನಾನು ಹೇಳುತ್ತಿದ್ದಂತೆಯೇ ಅವನು, "ತಕ್ಕಡಿ ಯಾರ ಕೈಯಲ್ಲಿದೆ?" ಎಂದು ಕೇಳಿದ. ಆ ಒಂದು ಪ್ರಶ್ನೆಯಿಂದ ಹ್ಯಾಲಿಯಾಳ ಮೇಲೆ ಎಲ್ಲರಿಗೂ ಅನುಮಾನ ಹುಟ್ಟಿತು, ಮತ್ತು ಆ ಅನುಮಾನಕ್ಕೆ ಬೇಕಾದ ಸತ್ಯ ಪುಟದಲ್ಲಿ ಮೊದಲೇ ಇತ್ತು. ನಾನೇ ಕಟ್ಟಿದ ಊರಾಗಿದ್ದರೆ ಅಷ್ಟು ಬೇಗ ಅಂಥ ಉತ್ತರ ನನಗೆ ಹೊಳೆಯುತ್ತಿತ್ತೆಂದು ಹೇಳಲಾರೆ.

ಕಥೆ ನಡೆಯುವ ಫರ್ಗಾಟನ್ ರೆಲ್ಮ್ಸ್ ಎಂಬ ಲೋಕ ಎಡ್ ಗ್ರೀನ್‌ವುಡ್ ಅವರ ಸೃಷ್ಟಿ. 1987ರಲ್ಲಿ ಅದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಅಧಿಕೃತ ಹಿನ್ನೆಲೆಯಾಗಿ ಪ್ರಕಟವಾಯಿತು. ಅಂದಿನಿಂದ ಅದರ ಚರಿತ್ರೆ, ದೇವತೆಗಳು, ರಾಜಮನೆತನಗಳ ಕುರಿತು ಬಂದ ಪುಸ್ತಕಗಳ ರಾಶಿಯನ್ನು ನೋಡಿದರೆ ಹೊಸ ಮಾಸ್ಟರ್‌ಗೆ ದಿಗಿಲಾಗುವುದು ಸಹಜ. ಅದಾವುದನ್ನೂ ಓದಬೇಕಾಗಿಲ್ಲ. ನೆವರ್‌ವಿಂಟರ್ ಸುತ್ತಲಿನ ಸಣ್ಣ ಪ್ರದೇಶದ ನಕ್ಷೆಯೊಂದನ್ನು ಕೊಟ್ಟು, ಅದರಾಚೆಗಿನ ಲೋಕದ ಗೊಡವೆಗೆ ಹೋಗದೆ ಪುಸ್ತಕ ತನ್ನ ಕೆಲಸ ಮುಗಿಸುತ್ತದೆ. ನನ್ನ ಸಲಹೆಯೆಂದರೆ, ಊರು, ದಾರಿ, ದೂರ, ಯಾರಿಗೆ ಯಾರ ಮೇಲೆ ಹಗೆ ಎಂಬುದನ್ನು ಇದ್ದಂತೆಯೇ ಉಳಿಸಿಕೊಂಡು, ಆಟಗಾರರಿಗೆ ಓದಿಹೇಳಲು ಚೌಕಟ್ಟಿನಲ್ಲಿ ಅಚ್ಚುಮಾಡಿರುವ ಇಂಗ್ಲಿಷ್ ವರ್ಣನೆಗಳನ್ನು ಮಾತ್ರ ಮೊದಲೇ ಓದಿಕೊಂಡು ನಿಮ್ಮ ಮಾತಿನಲ್ಲಿ ಹೇಳಬೇಕು. ಕನ್ನಡದ ಹರಟೆಯ ನಡುವೆ ಅವನ್ನು ಗಟ್ಟಿಯಾಗಿ ಓದಿದರೆ ಆಟದ ಓಘ ಕಡಿಯುತ್ತದೆ.

ದೋಷಗಳು ಸಣ್ಣವಲ್ಲ. ಸತ್ತ ಕುದುರೆಗಳ ಬಳಿ ನಡೆಯುವ ಮೊದಲ ಹೊಂಚುದಾಳಿಯ ನಾಲ್ಕು ಗಾಬ್ಲಿನ್‌ಗಳು, ದಾಳ ಕೈಕೊಟ್ಟರೆ, ಒಂದನೆಯ ಲೆವೆಲ್‌ನ, ಎಂದರೆ ಇನ್ನೂ ಬಲ ಬೆಳೆಯದ ಆರಂಭದ ಹಂತದ, ಪಾತ್ರಗಳನ್ನು ಆಟ ಶುರುವಾದ ಅರ್ಧ ಗಂಟೆಯಲ್ಲೇ ನೆಲಕ್ಕುರುಳಿಸಬಲ್ಲವು. ಥಂಡರ್‌ಟ್ರೀ ಎಂಬ ಹಾಳೂರಿನ ಹಸಿರು ಡ್ರ್ಯಾಗನ್ ವೆನಮ್‌ಫ್ಯಾಂಗ್ ಆ ಹಂತದ ತಂಡಕ್ಕೆ ಮಿತಿಮೀರಿದ ಎದುರಾಳಿ. ಅದರ ವಿಷದ ಉಸಿರಿನ ಸುಳಿವನ್ನು ಮಾಸ್ಟರ್ ಮುಂಚಿತವಾಗಿ ಕೊಡಲೇಬೇಕು. ಎಲ್ಲಕ್ಕಿಂತ ನನಗೆ ಬೇಸರ ತಂದದ್ದು ಬ್ಲ್ಯಾಕ್ ಸ್ಪೈಡರ್ ಎಂಬ ಮುಖ್ಯ ಖಳ. ಇಡೀ ಸಂಚಿನ ಹಿಂದಿರುವ ಇವನು ಕೊನೆಯ ವೇವ್ ಎಕೋ ಗುಹೆಯವರೆಗೂ ಪತ್ರಗಳಲ್ಲಿ, ಪರರ ಬಾಯಲ್ಲಿ ಬರುವ ಹೆಸರಾಗಿಯೇ ಉಳಿಯುತ್ತಾನೆ. ಯೀಮಿಕ್‌ಗೆ ಸಿಕ್ಕ ಗಮನದ ಅರ್ಧದಷ್ಟು ಇವನಿಗೆ ಸಿಕ್ಕಿದ್ದರೂ ಕೊನೆಯ ಯುದ್ಧಕ್ಕೆ ಕಾವು ಬರುತ್ತಿತ್ತು. ನಾನು ಊರಿನ ಅಧ್ಯಾಯದಲ್ಲಿಯೇ ಅವನ ದೂತನೊಬ್ಬನನ್ನು ಹ್ಯಾಲಿಯಾಳ ಬಳಿಗೆ ಕಳುಹಿಸಿದೆ. ಇತರರಿಗೂ ಹಾಗೆಯೇ ಮಾಡಲು ಹೇಳುತ್ತೇನೆ.

ಸಂಸ್ಥೆ 2022ರಲ್ಲಿ ಬೇರೊಂದು ಕಥೆಯಿರುವ ಸ್ಟಾರ್ಟರ್ ಸೆಟ್ ತಂದುದರಿಂದ ಹಳೆಯ ಪೆಟ್ಟಿಗೆಯನ್ನು ಹುಡುಕಿಯೇ ಕೊಳ್ಳಬೇಕು. 2023ರ 'ಫ್ಯಾಂಡೆಲ್ವರ್ ಅಂಡ್ ಬಿಲೋ' ಪುಸ್ತಕದಲ್ಲಿ ಇದೇ ಕಥೆ ತುಸು ತಿದ್ದುಪಡಿಯೊಂದಿಗೆ ಬಂದು, ಮೈಂಡ್ ಫ್ಲೇಯರ್ ಎಂಬ, ಪರರ ಮನಸ್ಸನ್ನು ಹಿಡಿದಾಡಿಸುವ ಘೋರಜೀವಿಗಳ ಹೊಸ ಕಥೆಯಾಗಿ 12ನೆಯ ಲೆವೆಲ್‌ವರೆಗೆ ಬೆಳೆಯುತ್ತದೆ. ಹಾಗೆ ಬೆಳೆದ ಭಾಗದಲ್ಲಿ ಫ್ಯಾಂಡಲಿನ್‌ನ ಜನ ಹಿಂದೆ ಸರಿಯುತ್ತಾರೆಂಬ ಕಾರಣಕ್ಕೆ, ಮೊದಲ ಸಲ ಆಡಿಸುವವರು ಹಳೆಯ ಪೆಟ್ಟಿಗೆ ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಅದನ್ನೇ ಕೊಳ್ಳಲಿ.