ಹಳೇ ಕಾರಿನ ಸ್ಪ್ರಿಂಗ್ ರಬ್ಬರ್ ಕೈಯಲ್ಲಿ ಮಾಡಿಸೋರು ಓದಿ, ಹಳೇ ಪೀಸ್ ಮಾತ್ರ ಯಾರಿಗೂ ಕೊಡಬೇಡಿ

ಮೊದಲೇ ಹೇಳಿಬಿಡುತ್ತೇನೆ, ಹೋಗಿದ್ದು 5,200 ರೂಪಾಯಿ. ದುಡ್ಡು ಹೋದರೆ ಹೋಗಲಿ. ಹೊಟ್ಟೆ ಉರಿಯುತ್ತಿರುವುದು ಬೇರೆ ವಿಷಯಕ್ಕೆ, ಅದಕ್ಕೆ ಬರುತ್ತೇನೆ.

ನಮ್ಮಪ್ಪನ 2003ರ ಒಪೆಲ್ ಕೊರ್ಸಾ ಈಗ ನನ್ನ ಹತ್ತಿರ ಇದೆ. ಮೈಸೂರಲ್ಲೇ ಓಡಿಸುತ್ತೇನೆ. ಒಪೆಲ್ ಇಲ್ಲಿಂದ ಗಂಟು ಮೂಟೆ ಕಟ್ಟಿದ್ದು 2006ರಲ್ಲಿ. ಇಲ್ಲಿ ಒಪೆಲ್ ಮಾರುತ್ತಿದ್ದ ಜನರಲ್ ಮೋಟಾರ್ಸ್ ಕೂಡ 2017ರ ಕೊನೆಗೆ ಇಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. ಇನ್ನು ಸ್ಪೇರ್ ಯಾರು ಕೊಡುತ್ತಾರೆ? ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಒಂದಿಡೀ ಶನಿವಾರ ಅಲೆದೆ. ಬುಷ್ ಸಿಕ್ಕಿತು, ಶಾಕ್ ಅಬ್ಸಾರ್ಬರ್ ಸಿಕ್ಕಿತು, ಹಿಂದಿನ ಸ್ಪ್ರಿಂಗ್ ರಬ್ಬರ್ ಮಾತ್ರ ಇಲ್ಲ. "ಒಪೆಲ್ಲಾ?" ಅಂತ ಕೇಳಿ ಒಬ್ಬ ನಕ್ಕೇಬಿಟ್ಟ.

ಗೊತ್ತಿಲ್ಲದವರಿಗೆ ಎರಡು ಮಾತು. ಹಿಂದಿನ ಸ್ಪ್ರಿಂಗ್ ಪೀಪಾಯಿ ಆಕಾರದ್ದು, ಹೊಟ್ಟೆ ದಪ್ಪ, ಎರಡೂ ತುದಿ ಸಣ್ಣ. ಅದು ಬಾಡಿಗೂ ಆಕ್ಸಲ್‌ಗೂ ತಗಲುವ ಕಡೆ ಒಂದೊಂದು ರಬ್ಬರ್ ಬಳೆ ಇರುತ್ತೆ. ಬಳೆಯಲ್ಲಿ ಸ್ಪ್ರಿಂಗ್ ತುದಿ ಕೂರೋಕೆ ಒಂದು ತೋಡು, ತೋಡಿನ ಕೊನೆಯಲ್ಲಿ ಒಂದು ಮೆಟ್ಟಿಲು, ಒಳಗೆ ಒಂದು ತುಟಿ. ನೋಡೋಕೆ ಏನೂ ಅಲ್ಲ. ಆದರೆ ಅದು ಹರಿದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತೆ, ಸ್ಪ್ರಿಂಗ್ ಮೇಲಿನ ಬಣ್ಣ ಹೋಗುತ್ತೆ, ಅಲ್ಲಿ ತುಕ್ಕು ಹಿಡಿಯುತ್ತೆ, ಒಂದು ದಿನ ಆ ತುದಿಯೇ ಮುರಿಯುತ್ತೆ. ನನ್ನದು ಪ್ರತಿ ಹಂಪ್ಸ್‌ಗೂ ಕಟಕ್ ಅನ್ನುತ್ತಿತ್ತು. ಹಿಂದೆ ಕೂತ ಅಮ್ಮ "ಏನೋ ಅದು, ಡಿಕ್ಕಿಯಲ್ಲಿ ಪಾತ್ರೆ ಇಟ್ಟಿದ್ದೀಯಾ" ಅಂತ ಕೇಳುವಷ್ಟು.

ಆಗ ಸಿಕ್ಕವನು ಈ ಮಹಾನುಭಾವ. ಹೆಸರು ಹೇಳಲ್ಲ. ಹಳೇ ಕಾರಿನ ರಬ್ಬರ್ ಐಟಂ ಎಲ್ಲಾ ಕೈಯಲ್ಲೇ ಮಾಡಿಕೊಡುತ್ತೇನೆ, ಪಾಲಿಯುರೆಥೇನ್ (ರಬ್ಬರಿನ ಥರ ಬಗ್ಗುವ ಗಟ್ಟಿ ಪ್ಲಾಸ್ಟಿಕ್) ಎರಕ, ಪಿಯು ಸರ್ ಪಿಯು, ಲೈಫ್‌ಲಾಂಗ್ ಅಂದ. ಎರಕ ಹೊಯ್ಯುವ ವಿಡಿಯೋ ಕಳಿಸಿದ. ಎಷ್ಟು ಚೆಂದ ಅಂದರೆ, ಜೇನುತುಪ್ಪದ ಥರ ಅಚ್ಚಿನೊಳಗೆ ಇಳಿಯುತ್ತಿತ್ತು. ನಾನು ಅದನ್ನು ಮೂರು ಸಲ ನೋಡಿದೆ. ಇನ್ನಿಬ್ಬರು ಕೊರ್ಸಾ ಗೆಳೆಯರಿಗೂ ಫಾರ್ವರ್ಡ್ ಮಾಡಿದೆ. ನಾಚಿಕೆಯಾಗುತ್ತೆ. ಈಗ ನೋಡಿದರೆ ಆ ವಿಡಿಯೋದಲ್ಲಿ ಗೋಡೆಯ ಪ್ಲಗ್ ಪಾಯಿಂಟ್ ನಮ್ಮ ಮೂರು ದುಂಡು ತೂತಿನದ್ದೇ ಅಲ್ಲ. ಎರಡು ಚಪ್ಪಟೆ ಸೀಳು. ಯಾವ ದೇಶದ್ದೋ, ಯಾರದ್ದೋ! ಮೂರು ಸಲ ನೋಡಿದವನಿಗೆ ಅದು ಕಾಣಲಿಲ್ಲ.

ಅಡ್ವಾನ್ಸ್ 3,000 ಕೇಳಿದ. ಸರಿ, ಅಚ್ಚಿಗೆ ಖರ್ಚಿದೆ, ಯಾರಾದರೂ ಕೇಳುತ್ತಾರೆ, ಕೊಟ್ಟೆ. "ಸ್ಯಾಂಪಲ್ ಬೇಕು ಸರ್, ಅಳತೆ ಕಳಿಸಿದರೆ ಆಗಲ್ಲ, ನಾಲ್ಕೂ ಕಳಿಸಿ" ಅಂದ. ಅದೂ ಸರಿಯೇ ಅನ್ನಿಸಿತು. ನಾಲ್ಕರಲ್ಲಿ ಮೂರು ಹರಿದು ಚೂರಾಗಿದ್ದವು, ಒಂದು ಮಾತ್ರ ಪೂರ್ತಿ ಇತ್ತು, ತೋಡು, ಮೆಟ್ಟಿಲು, ತುಟಿ ಎಲ್ಲಾ. ಎಲ್ಲವನ್ನೂ ಸೋಪು ಹಾಕಿ ತೊಳೆದು, ಪೇಪರಲ್ಲಿ ಸುತ್ತಿ, ಕೊರಿಯರ್ ಮಾಡಿದೆ. ತೊಳೆದು ಬೇರೆ! ಅಳತೆ ಬರೆದುಕೊಳ್ಳಲಿಲ್ಲ. ಫೋಟೋ ಒಂದೇ ಒಂದು, ಅದೂ ಮಬ್ಬು.

ಹತ್ತು ದಿನ ಅಂದಿದ್ದು ಐದು ವಾರ ಆಯಿತು. "ಮೆಟೀರಿಯಲ್ ಬಂದಿಲ್ಲ ಸರ್." "ಓವನ್ ರಿಪೇರಿ ಸರ್." "ನಾಳೆ ಖಂಡಿತ ಸರ್." ಕೊನೆಗೆ ಉಳಿದ 2,200 ಹಾಕಿದ ಮೇಲೆ ಪಾರ್ಸಲ್ ಬಂತು. ಹಾಕಿದ ದಿನವೇ ಡಿಸ್‌ಪ್ಯಾಚ್. ನಾಲ್ಕು ಕಪ್ಪು ಬಳೆ, ಮಿರ ಮಿರ ಹೊಳೀತಿದ್ದವು. ಮುಟ್ಟಿದರೆ ಕೈಯೆಲ್ಲಾ ಕಪ್ಪು. ಶೂ ಪಾಲಿಶ್ ವಾಸನೆ. ಆಗಲೂ ನನಗೆ ಬುದ್ಧಿ ಬರಲಿಲ್ಲ, ಏನೋ ಕೋಟಿಂಗ್ ಇರಬೇಕು ಅಂದುಕೊಂಡೆ. ತೋಡೂ ಇಲ್ಲ, ಮೆಟ್ಟಿಲೂ ಇಲ್ಲ, ಸಪಾಟು ಬಳೆ. ಕೇಳಿದ್ದಕ್ಕೆ "ಪಿಯು ಸರ್, ಲೋಡ್ ಬಿದ್ದಾಗ ತಾನೇ ಶೇಪ್ ತಗೊಳ್ಳುತ್ತೆ" ಅಂದ. ಆ ಮಾತನ್ನು ನಂಬಿದ್ದು ನಾನು, ಡಿಪ್ಲೊಮಾ ಮೆಕ್ಯಾನಿಕಲ್ ಓದಿದವನು.

ನಮ್ಮ ಮೆಕ್ಯಾನಿಕ್ ಅಣ್ಣ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಹಾಕಲಾ ಸಾರ್?" ಅಂತ ಒಂದು ಸಲ, "ಹಾಕ್ಲೇಬೇಕಾ?" ಅಂತ ಇನ್ನೊಂದು ಸಲ ಕೇಳಿದರು. ಹಾಕಿ ಅಂದೆ. ಶಾಕಿನ ಕೆಳಗಿನ ಬೋಲ್ಟ್ ಬಿಚ್ಚಿ, ಆಕ್ಸಲ್ ಇಳಿಸಿ, ಹಾಕಿದರು. ಕಾರು ಇಳಿಸಿದ ಮೇಲೆ ದೂರ ನಿಂತು ನೋಡಿದರೆ ಹಿಂದೆ ಎಡಗಡೆ ಜಾಸ್ತಿ ಎತ್ತರ. ಹಾಕುವ ಮೊದಲೇ ಕ್ಯಾಲಿಪರ್ ಹಚ್ಚಿ ದಪ್ಪ ಅಳೆಯುವ ಬುದ್ಧಿ ಬಂದಿರಲಿಲ್ಲ, ಈಗ ನಾಲ್ಕೂ ಒಳಗೆ ಹೋಗಿ ಕೂತಿದ್ದವು.

ಹನ್ನೆರಡು ದಿನ. ನಂಜನಗೂಡು ರೋಡಲ್ಲಿ ಒಂದು ಗುಂಡಿಗೆ ಚಕ್ರ ಇಳಿದದ್ದೇ ತಡ, ಧಡ್ ಅಂತು. ಅಮ್ಮ ಹಿಂದೆ ಇದ್ದರು. ನಿಲ್ಲಿಸಿ ಬಗ್ಗಿ ನೋಡಿದರೆ ಕೆಳಗಿನ ಬಳೆ ಅರ್ಧ ಆಚೆ ಬಂದಿದೆ, ಸ್ಪ್ರಿಂಗ್ ತುದಿ ಪಕ್ಕಕ್ಕೆ ಸರಿದು ಕಬ್ಬಿಣದ ಮೇಲೆ ಕೂತಿದೆ. ಹಿಡಿದುಕೊಳ್ಳೋಕೆ ತುಟಿಯೇ ಇಲ್ಲದ ಬಳೆ ಇನ್ನೇನು ಮಾಡುತ್ತೆ? ಇಪ್ಪತ್ತರ ಸ್ಪೀಡಿನಲ್ಲಿ ವಾಪಸ್ ಬಂದೆ.

ಗ್ಯಾರೇಜಲ್ಲಿ ಬಿಚ್ಚಿದ ಬಳೆಯನ್ನು ಅಣ್ಣ ವೈಸಿಗೆ ಹಿಡಿದು ಹ್ಯಾಕ್‌ಸಾ ಬ್ಲೇಡಲ್ಲಿ ಕೊಯ್ದರು. ಕೊಯ್ದ ಮುಖದಲ್ಲಿ ಸಾಲಾಗಿ ಬಿಳಿ ಚುಕ್ಕಿ. ಒಂದನ್ನು ಇಕ್ಕಳದಲ್ಲಿ ಹಿಡಿದು ಎಳೆದರು. ದಾರ ಬಂತು. ಎಳೆದಷ್ಟೂ ಬಂತು. ನೈಲಾನ್ ದಾರ. ಅಣ್ಣ ಏನೂ ಹೇಳಲಿಲ್ಲ, ದಾರವನ್ನು ನನ್ನ ಅಂಗೈಯಲ್ಲಿಟ್ಟು ಟೀ ತರೋಕೆ ಹುಡುಗನನ್ನು ಕಳಿಸಿದರು.

ಟೈರು! ಹಳೇ ಟೈರು ಕತ್ತರಿಸಿ, ಗ್ರೈಂಡರಿಗೆ ಹಿಡಿದು, ಪಾಲಿಶ್ ಹೊಡೆದು 5,200 ರೂಪಾಯಿ. ವಿಕ್ರಾಂತ್ ಟೈರ್ ಫ್ಯಾಕ್ಟರಿ ಇದ್ದ ಊರಲ್ಲಿ ಹುಟ್ಟಿ ಬೆಳೆದವನು ನಾನು, ಟೈರ್ ತುಂಡನ್ನು ಪಿಯು ಅಂತ ದುಡ್ಡು ಕೊಟ್ಟು ಬೆಂಗಳೂರಿಂದ ತರಿಸಿಕೊಂಡಿದ್ದೇನೆ. ಟೈರ್ ತುಂಡು ಹಾಕಿ ಕೆಲಸ ನಡೆಸೋದು ಗ್ಯಾರೇಜುಗಳಲ್ಲಿ ಹೊಸದೇನಲ್ಲ, ಅದು ಗೊತ್ತು. ಟೈರ್ ಅಂತ ಹೇಳಿ ಇನ್ನೂರು ಕೇಳಿದ್ದರೆ ನಾನೇ ಯೋಚನೆ ಮಾಡುತ್ತಿದ್ದೆ. ಪಂಕ್ಚರ್ ಅಂಗಡಿಯವನು ಸುಮ್ನೆ ಕೊಟ್ಟಿರುತ್ತಿದ್ದ.

ಫೋಟೋ ಕಳಿಸಿದೆ. ಬಂದ ಉತ್ತರಗಳು ಇದ್ದ ಹಾಗೇ:

"ಸರ್ ಅದು ರೀಇನ್‌ಫೋರ್ಸ್‌ಮೆಂಟ್. ಸ್ಟ್ರೆಂತ್‌ಗೆ ನಾವೇ ದಾರ ಹಾಕ್ತೀವಿ."

ದಾರವನ್ನು ನೀವೇ ಹಾಕಿದ್ದರೆ ಪಕ್ಕದಲ್ಲಿ ಅರ್ಧ ಅಕ್ಷರ ಯಾಕಿದೆ ಅಂತ ಕೇಳಿದೆ. ಹೌದು, ಪಾಲಿಶ್ ಒರೆಸಿದರೆ ಒಂದು ಬಳೆಯ ಪಕ್ಕದಲ್ಲಿ ಟೈರಿನ ಉಬ್ಬು ಅಕ್ಷರದ ಕಾಲು ಕಾಣುತ್ತಿತ್ತು.

"ನೀವು ಫಿಟ್ಟಿಂಗ್ ಸರಿ ಮಾಡಿಸಿಲ್ಲ ಸರ್."

"ಓಪನ್ ಮಾಡಿದ ಪೀಸ್‌ಗೆ ವಾರಂಟಿ ಇಲ್ಲ."

ಕೊಯ್ಯದೆ ಒಳಗೆ ಏನಿದೆ ಅಂತ ಹೇಗಪ್ಪಾ ನೋಡೋದು? ಆಮೇಲೆ ನಾನು ದುಡ್ಡಿನ ಮಾತು ಬಿಟ್ಟೆ. ಬೇಡ ಗುರು, ದುಡ್ಡು ಇಟ್ಟುಕೋ, ನನ್ನ ಹಳೇ ನಾಲ್ಕು ಪೀಸ್ ವಾಪಸ್ ಕಳಿಸು, ಕೊರಿಯರ್ ಚಾರ್ಜ್ ನಾನೇ ಕೊಡುತ್ತೇನೆ ಅಂದೆ. ಅದಕ್ಕೆ ಬಂದಿದ್ದು ಇದು:

"ಅದು ವೇಸ್ಟ್ ಅಲ್ವಾ ಸರ್. ಬಿಸಾಕಿದ್ವಿ."

ಬಿಸಾಕಿದ್ವಿ. ಜೊತೆಗೆ ಕೈ ಮುಗಿಯುವ ಚಿತ್ರ. ಆಮೇಲೆ ಬ್ಲಾಕ್.

ಹೊಟ್ಟೆ ಉರಿಯುವುದು ಇದಕ್ಕೆ. ಆ ಒಂದು ಪೂರ್ತಿ ಬಳೆ ಇದ್ದಿದ್ದರೆ ಯಾರ ಹತ್ತಿರವಾದರೂ ಮಾಡಿಸಬಹುದಿತ್ತು. ಇಲ್ಲೇ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಬ್ಬ ಲೇತ್‌ನವರು ಪಿಯು ರಾಡ್ ತಂದರೆ ನಿಮ್ಮ ಮುಂದೆಯೇ ತಿರುಗಿಸಿ ಕೊಡುತ್ತೇನೆ ಅಂದರು. "ಪ್ಯಾಟರ್ನ್ ತನ್ನಿ" ಅಂದರು. ಎಲ್ಲಿಂದ ತರಲಿ? ಮಬ್ಬು ಫೋಟೋ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, ಫೋನ್ ವಾಪಸ್ ಕೊಟ್ಟರು.

ಸದ್ಯಕ್ಕೆ ಅಣ್ಣ ಹೀಟರ್ ಹೋಸನ್ನು ಉದ್ದಕ್ಕೆ ಸೀಳಿ ಸ್ಪ್ರಿಂಗ್ ತುದಿಗಳಿಗೆ ತೊಡಿಸಿ, ಕೇಬಲ್ ಟೈ ಕಟ್ಟಿದ್ದಾರೆ. ಶಬ್ದ ಕಮ್ಮಿಯಾಗಿದೆ. ಎಷ್ಟು ದಿನವೋ. ಅಮ್ಮನನ್ನು ಅದರಲ್ಲಿ ಕೂರಿಸುತ್ತಿಲ್ಲ.

ಮಾಡಿಸೋರು ಇಷ್ಟು ನೋಡಿಕೊಳ್ಳಿ. ಒಳ್ಳೇ ಪೀಸ್ ಇದ್ದರೆ ಅದು ನಿಮ್ಮ ಕೈ ಬಿಟ್ಟು ಹೋಗಬಾರದು, ಹರಿದಿದ್ದನ್ನು ಮಾತ್ರ ಕಳಿಸಿ, ಅದಕ್ಕೂ ಮೊದಲು ದಪ್ಪ, ಒಳ ವ್ಯಾಸ, ಹೊರ ವ್ಯಾಸ, ತೋಡಿನ ಆಳ ಬರೆದಿಟ್ಟುಕೊಳ್ಳಿ. ಐದನೆಯದೊಂದು ಪೀಸ್ ಮಾಡಿಸಿ, ದುಡ್ಡು ಕೊಟ್ಟಾದರೂ ಸರಿ, ಬಂದ ದಿನವೇ ಅದನ್ನು ಕೊಯ್ದು ನೋಡಿ. ಪಿಯು ಅಂದವನಿಗೆ ಶೋರ್ ಎ (ರಬ್ಬರಿನ ಗಡಸುತನದ ಅಳತೆ) ಎಷ್ಟು ಅಂತ ಕೇಳಿ. ಟೈರ್ ರಬ್ಬರ್ 65, 70ರ ಆಸುಪಾಸು, ಸಸ್ಪೆನ್ಷನ್ನಿಗೆ ಹಾಕುವ ಪಿಯು ಸಾಮಾನ್ಯವಾಗಿ 80ರಿಂದ 95. ಪಾಲಿಯೆಸ್ಟರ್ ಪಿಯುನಾ, ಪಾಲಿಈಥರ್ ಪಿಯುನಾ ಅಂತಲೂ ಕೇಳಿ. ಪಾಲಿಯೆಸ್ಟರ್‌ದು ಸೆಕೆ, ತೇವಕ್ಕೆ ಬೇಗ ಪುಡಿಯಾಗುತ್ತೆ, ಕಾರಿನ ಕೆಳಗೆ ಮಳೆನೀರು ಬೀಳದೆ ಇರುತ್ತಾ? ನನ್ನವನಿಗೆ ಈ ಪ್ರಶ್ನೆ ಕೇಳಿದ್ದರೆ "ಎರಡೂ ಇದೆ ಸರ್" ಅಂತಿದ್ದ, ಅದು ಬೇರೆ ಮಾತು. ವಿಡಿಯೋ ಕಳಿಸಿದರೆ ಗೋಡೆ ನೋಡಿ.

ಕೊನೆಗೆ ಒಂದು ಕೋರಿಕೆ. ಮೈಸೂರು, ಮಂಡ್ಯ, ಬೆಂಗಳೂರು ಕಡೆ ಯಾರ ಹತ್ತಿರವಾದರೂ ಕೊರ್ಸಾದ ಹಿಂದಿನ ಸ್ಪ್ರಿಂಗ್ ರಬ್ಬರ್ ಪೂರ್ತಿಯಾಗಿ ಒಂದು ಇದ್ದರೆ ತಿಳಿಸಿ. ಮಾರೋದು ಬೇಡ, ಕಳಿಸೋದೂ ಬೇಡ. ನಾನೇ ಕ್ಯಾಲಿಪರ್ ಹಿಡಿದು ನಿಮ್ಮ ಮನೆಗೆ ಬರುತ್ತೇನೆ. ನೀವೇ ಕೈಯಲ್ಲಿ ಹಿಡಿದುಕೊಂಡಿರಿ, ನಾನು ಅಳತೆ ತೆಗೆದುಕೊಂಡು ಹೋಗುತ್ತೇನೆ.