ಹಳೇ ಲಾರಿಯ ಎಂಜಿನ್ ವೈರಿಂಗ್ ಬಿಚ್ಚಿ ಕಟ್ಟಿಸಿದ್ದು: ಮೂರು ಮಳೆಗಾಲದ ನಂತರದ ವಿಮರ್ಶೆ

ಹತ್ತು ವರ್ಷ ದಾಟಿದ ಲಾರಿಗೆ ಎಂಜಿನ್ ವೈರಿಂಗ್ ಕಾಟ ಶುರುವಾದರೆ ಪೂರ್ತಿ ಹೊಸ ಕಿಟ್ ಹಾಕಲೇಬೇಕು ಅಂತೇನಿಲ್ಲ. ಹಳೆಯದನ್ನೇ ಕೆಳಗಿಳಿಸಿ, ಹಾಳಾದ ಜಾಗದಲ್ಲಿ ಮಾತ್ರ ಬಿಸಿ ತಡೆಯುವ ವೈರ್ ಹಾಕಿ ಕಟ್ಟಿಸಿದರೂ ನಡೆಯುತ್ತದೆ. ನಾನು ಹಾಗೆ ಮಾಡಿಸಿ ಮೂರು ಮಳೆಗಾಲ ಆಯಿತು. ಏನು ನಿಂತಿತು, ಏನು ನಿಲ್ಲಲಿಲ್ಲ ಅಂತ ಬರೆಯುತ್ತಿದ್ದೇನೆ.

ಗಾಡಿ 2012ರ ಮಾಡೆಲ್. ಆರು ಚಕ್ರ, 24 ವೋಲ್ಟ್, ಕಾಮನ್ ರೈಲ್ ಎಂಜಿನ್ (ರೈಲ್ ಅನ್ನುವ ಒಂದೇ ಪೈಪಿನಲ್ಲಿ ಒತ್ತಡದಲ್ಲಿರುವ ಡೀಸೆಲ್ಲನ್ನು ಕಂಪ್ಯೂಟರ್ ಲೆಕ್ಕ ಹಾಕಿ ಹೊಡೆಸುವಂಥದ್ದು). ಹಾಸನ–ಮಂಗಳೂರು ಓಡಾಟ. ಇಳಿಯುವಾಗ ಸಿಕ್ಕಿದ ಲೋಡು, ವಾಪಸ್ ಬರುವಾಗ ಹೆಚ್ಚಾಗಿ ಪಣಂಬೂರಿನಿಂದ ಗೊಬ್ಬರ. ಶಿರಾಡಿ ಘಾಟಿಯ ಮಳೆ, ಕರಾವಳಿಯ ಉಪ್ಪುಗಾಳಿ, ಯೂರಿಯಾ ಧೂಳು, ಈ ಮೂರೂ ತಾಮ್ರಕ್ಕೆ ಆಗಿಬರಲ್ಲ. ಅಷ್ಟು ವರ್ಷ ಕಂಪನಿ ವೈರಿಂಗ್ ತಾಳಿದ್ದೇ ದೊಡ್ಡದು.

ತೊಂದರೆ ಶುರುವಾಗಿದ್ದು ಘಾಟಿ ಹತ್ತುವಾಗ. ಲೋಡ್ ಇದ್ದಾಗ ಇದ್ದಕ್ಕಿದ್ದ ಹಾಗೆ ಪಿಕಪ್ ಬಿದ್ದುಹೋಗುವುದು, ಚೆಕ್ ಲೈಟ್ ಉರಿಯುವುದು. ಪಕ್ಕಕ್ಕೆ ಹಾಕಿ, ಕೀ ಆಫ್ ಮಾಡಿ ಆನ್ ಮಾಡಿದರೆ ಏನೂ ಆಗಿಲ್ಲವೇನೋ ಅನ್ನುವಂತೆ ಓಡುವುದು. ಸ್ಕ್ಯಾನರ್ ಹಾಕಿಸಿದರೆ ಒಂದು ಸಲ ಬೂಸ್ಟ್ ಪ್ರೆಷರ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಸೆನ್ಸಾರ್ ಅಂತ ಬರುತ್ತಿತ್ತು, ಇನ್ನೊಂದು ಸಲ ರೈಲ್ ಪ್ರೆಷರ್, ಕೆಲವು ಸಲ ಎರಡೂ. ಒಂದು ಗ್ಯಾರೇಜಿನಲ್ಲಿ ರೈಲ್ ಸೆನ್ಸಾರ್ ಬದಲಿಸಿದರು. ಇನ್ನೊಂದರಲ್ಲಿ ಬೂಸ್ಟ್ ಸೆನ್ಸಾರ್. ದುಡ್ಡು ಹೋಯಿತು, ಕಾಟ ಹೋಗಲಿಲ್ಲ.

ಕೊನೆಗೆ ಸಿಕ್ಕಿದ ಎಲೆಕ್ಟ್ರಿಷಿಯನ್ ಸ್ಕ್ಯಾನರ್ ಪಟ್ಟಿ ನೋಡಿದವರೇ, "ಗೌಡ್ರೇ, ಸೆನ್ಸಾರ್‌ಗಳು ಮಾತಾಡ್ಕೊಂಡು ಒಟ್ಟಿಗೆ ಸಾಯಲ್ಲ. ವೈರ್ ನೋಡ್ಬೇಕು" ಅಂದರು. ಇಡೀ ವ್ಯವಹಾರದಲ್ಲಿ ನಾನು ಕೇಳಿದ ಅತಿ ಬೆಲೆಬಾಳುವ ಮಾತು ಅದೇ.

ಅವರು ಹೇಳಿದ್ದು ಇಷ್ಟು. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುನಿಂದ ಸೆನ್ಸಾರ್‌ಗಳಿಗೆ ಹೋಗುವುದು 5 ವೋಲ್ಟ್ ಸಪ್ಲೈ. ಒಂದೇ ಸಪ್ಲೈಯನ್ನು ಎರಡು ಮೂರು ಸೆನ್ಸಾರ್‌ಗಳು ಹಂಚಿಕೊಂಡಿರುತ್ತವೆ. ಒಂದು ಕಡೆ ಆ ವೈರ್‌ನ ಮೈ ಸವೆದು ಎಂಜಿನ್ ಬ್ಲಾಕಿಗೆ ತಾಗಿದರೆ 5 ವೋಲ್ಟ್ ಕುಸಿಯುತ್ತದೆ. ಆಗ ಅದರ ಮೇಲೆ ನಿಂತ ಎಲ್ಲ ಸೆನ್ಸಾರ್‌ಗಳೂ ಒಟ್ಟಿಗೆ ಸುಳ್ಳು ಹೇಳುತ್ತವೆ. ಇಸಿಯು ಹೆದರಿ ಪವರ್ ಇಳಿಸುತ್ತದೆ. ಘಾಟಿಯಲ್ಲೇ ಯಾಕೆ ಅಂದರೆ, ಲೋಡ್ ಎಳೆಯುವಾಗ ಎಂಜಿನ್ ತನ್ನ ಮೌಂಟಿಂಗ್ ಮೇಲೆ ವಾಲುತ್ತದೆ, ವೈರ್ ಕಟ್ಟು ಅದರ ಜೊತೆ ಜಗ್ಗುತ್ತದೆ. ಗ್ಯಾರೇಜಿನಲ್ಲಿ ಸುಮ್ನೆ ನಿಂತಾಗ ತಾಗುವುದೇ ಇಲ್ಲ. ಅವರು ಸ್ಕ್ಯಾನರ್ ಆನ್ ಇಟ್ಟುಕೊಂಡು ಕಟ್ಟನ್ನು ಕೈಯಲ್ಲಿ ಅಲ್ಲಾಡಿಸುತ್ತಾ ಹೋದರು. ಎಂಜಿನ್ ಹಿಂಭಾಗದ ಬ್ರಾಕೆಟ್ ಹತ್ತಿರ ಬಂದಾಗ ರೀಡಿಂಗ್ ಕುಣಿಯಿತು.

ಕ್ಯಾಬಿನ್ ಎತ್ತಿ ಆ ಜಾಗದ ಸುರುಳಿ ಪೈಪ್ ಬಿಚ್ಚಿದಾಗ ಕಂಡದ್ದು ಇದು: ಮೇಲಿನ ಟೇಪ್ ಕರಗಿ ಅಂಟಾಗಿತ್ತು, ಒಳಗೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ವೈರ್ ಬಗ್ಗಿಸಿದರೆ ಮೇಲಿನ ಸಿಪ್ಪೆ ಹಪ್ಪಳದ ಹಾಗೆ ಮುರಿದು ಉದುರುತ್ತಿತ್ತು. ಒಂದು ನೀಲಿ ವೈರ್‌ನ ತಾಮ್ರ ಬ್ರಾಕೆಟ್‌ನ ಅಂಚಿಗೆ ಉಜ್ಜಿ ಉಜ್ಜಿ ಅಲ್ಲಿ ಸಣ್ಣ ಹೊಳಪು ಬಂದಿತ್ತು. ಅಷ್ಟೇ. ಒಂದು ಅಕ್ಕಿಕಾಳಿನಷ್ಟು ಜಾಗ. ಅದಕ್ಕೆ ಎರಡು ಸೆನ್ಸಾರ್ ಹಾಕಿಸಿಯಾಗಿತ್ತು.

ಅಲ್ಲಿಂದ ಒಂದು ಅಡಿ ಆಚೆಗೆ ಅದೇ ವೈರ್ ಹೊಸದರ ಹಾಗೇ ಮೆತ್ತಗಿತ್ತು. ಇದನ್ನು ನೋಡಿದ ಮೇಲೇ ಪೂರ್ತಿ ಕಿಟ್ ಬೇಡ ಅನ್ನುವ ತೀರ್ಮಾನಕ್ಕೆ ಬಂದೆ. ವೈರಿಂಗ್ ಉದ್ದಕ್ಕೂ ಒಂದೇ ಸಮ ಹಾಳಾಗಲ್ಲ. ಟರ್ಬೊ ಮತ್ತು ಎಕ್ಸಾಸ್ಟ್ ಪಕ್ಕ, ಎಂಜಿನ್‌ನಿಂದ ಚಾಸಿಗೆ ದಾಟುವ ಬಾಗು, ಕ್ಲಿಪ್ ಮುರಿದ ಜಾಗ, ವೈರ್ ತುದಿಗಳನ್ನು ಕೂಡಿಸುವ ಕಪ್ಲರ್‌ಗಳ ಕುತ್ತಿಗೆ, ಹಾಳಾಗುವುದು ಇಲ್ಲೇ. ಪಿವಿಸಿ ಸಿಪ್ಪೆಯನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ಅಂಶ ಬಿಸಿಗೆ ನಿಧಾನವಾಗಿ ಹೊರಗೆ ಹೋಗುತ್ತದೆ, ಉಳಿಯುವುದು ಗಟ್ಟಿ ಪ್ಲಾಸ್ಟಿಕ್.

ಕಂಪನಿ ಕಿಟ್ ವಿಚಾರಿಸದೇ ಇರಲಿಲ್ಲ. ಬೆಲೆ ನನಗೆ ಕೊನೆಗೆ ಬಿದ್ದ ಖರ್ಚಿನ ದುಪ್ಪಟ್ಟಿಗಿಂತ ಜಾಸ್ತಿ, ಅದೂ ಆರ್ಡರ್ ಹಾಕಿ ಕಾಯಬೇಕು. ಮಾರ್ಕೆಟ್‌ನಲ್ಲಿ ಸಿಗುವ ಲೋಕಲ್ ಕಿಟ್ ಅಗ್ಗ. ಕೈಯಲ್ಲಿ ಹಿಡಿದು ನೋಡಿದೆ. ಹೊರಗೆ ಚೆಂದ, ಆದರೆ ಕಪ್ಲರ್ ಒಳಗೆ ಒಂದೊಂದು ವೈರ್‌ಗೂ ಇರಬೇಕಾದ ರಬ್ಬರ್ ಸೀಲ್ ಕೆಲವು ಕಡೆ ಇರಲೇ ಇಲ್ಲ. ಹೆಡ್‌ಲೈಟಿಗಾದರೆ ಸರಿ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಲೈನಿಗೆ ಬೇಡ.

ಸಾಮಾನಿನ ವಿಷಯಕ್ಕೆ ಬರುತ್ತೇನೆ, ದುಡ್ಡು ಸಾರ್ಥಕ ಆಗುವುದು ಅಲ್ಲೇ. ಮಾಮೂಲಿ ಪಿವಿಸಿ ಆಟೋ ವೈರ್ ತಡೆಯುವುದು 80–85 ಡಿಗ್ರಿ ಸುಮಾರಿಗೆ. ಎಕ್ಸ್‌ಎಲ್‌ಪಿಇ ಅಂತ ಬರುವ ವೈರ್ 125 ಡಿಗ್ರಿ ದರ್ಜೆಯದು. ಕರಗಲ್ಲ, ಸಿಪ್ಪೆ ತೆಳ್ಳಗಿದ್ದರೂ ಗಟ್ಟಿ. ನಮ್ಮೂರಲ್ಲಿ ಕೇಳಿದರೆ ಅಂಗಡಿಯವರು ಮುಖ ನೋಡಿದರು, ಬೆಂಗಳೂರಿನ ಜೆ.ಸಿ. ರೋಡ್ ಕಡೆಯಿಂದ ತರಿಸಿದ್ದಾಯಿತು. ಕೊಳ್ಳುವಾಗ ತಾಮ್ರದ ದಪ್ಪ ಮಾತ್ರ ನೋಡಿದರೆ ಸಾಲದು, ಸಿಪ್ಪೆ ಸಮೇತ ದಪ್ಪ ಎಷ್ಟು ಅನ್ನುವುದೂ ಮುಖ್ಯ. ಕಪ್ಲರ್ ಸೀಲ್‌ನ ತೂತಿಗೆ ವೈರ್ ಬಿಗಿಯಾಗಿ ಕೂರಬೇಕು. ದಪ್ಪ ಇದ್ದರೆ ಸೀಲ್ ಹರಿಯುತ್ತದೆ, ಸಣ್ಣ ಇದ್ದರೆ ನೀರು ಇಳಿಯುತ್ತದೆ. ಹಳೇ ವೈರ್‌ನ ತುಂಡೊಂದನ್ನು ಜೊತೆಗೆ ಕಳಿಸಿದರೆ ತಲೆನೋವಿಲ್ಲ.

ಟೇಪ್ ಕೂಡ ಹಾಗೇ. ಕರಿ ಇನ್ಸುಲೇಷನ್ ಟೇಪ್ ಎಂಜಿನ್ ಮೇಲೆ ಬೇಡವೇ ಬೇಡ. ಬಟ್ಟೆಯಂತಿರುವ ಪಾಲಿಯೆಸ್ಟರ್ ಹಾರ್ನೆಸ್ ಟೇಪ್ ಬರುತ್ತದೆ, ಅದೇ ಹಾಕಬೇಕು. ಜಾಯಿಂಟ್ ಮೇಲೆ ಬಿಸಿಗೆ ಕುಗ್ಗುವ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್. ಬಿಸಿಗಾಳಿ ಹಿಡಿದಾಗ ಎರಡೂ ತುದಿಯಿಂದ ಅಂಟು ಸಣ್ಣಗೆ ಉಕ್ಕಿ ಬರಬೇಕು. ಬಂದರೆ ಸೀಲ್ ಆಯಿತು ಅಂತ ಅರ್ಥ.

ಬಣ್ಣದ ಬಗ್ಗೆ ಮಾತ್ರ ನಾನು ಹಟ ಹಿಡಿದೆ. ಅಂಗಡಿಯಲ್ಲಿ ಸಿಕ್ಕಿದ್ದು ನಾಲ್ಕೈದು ಬಣ್ಣ. "ಕೆಂಪೇ ಹಾಕೋಣ, ನಂಗೆ ಗೊತ್ತಿರುತ್ತಲ್ಲ" ಅಂದರು ಎಲೆಕ್ಟ್ರಿಷಿಯನ್. ನಿಮಗೆ ಗೊತ್ತಿರುತ್ತೆ ಅಣ್ಣ, ಉಪ್ಪಿನಂಗಡಿಯಲ್ಲಿ ಗಾಡಿ ನಿಂತರೆ ಅಲ್ಲಿಯವರಿಗೆ ಗೊತ್ತಿರಬೇಕಲ್ಲ? ಕೊನೆಗೆ ಪ್ರತಿ ವೈರ್‌ನ ಎರಡೂ ತುದಿಗೆ ನಂಬರ್ ಸ್ಲೀವ್ ಏರಿಸಿ, ಯಾವ ನಂಬರ್ ಯಾವುದಕ್ಕೆ ಅಂತ ಒಂದು ಹಾಳೆಯಲ್ಲಿ ಬರೆಸಿಕೊಂಡೆ. ಆ ಹಾಳೆ ಆರ್‌ಸಿ ಜೊತೆ ಪ್ಲಾಸ್ಟಿಕ್ ಕವರಿನಲ್ಲಿದೆ.

ಇನ್ನು ಜಾಯಿಂಟ್. ನಮ್ಮ ಕಡೆ ವೈರ್ ತಿರುಚಿ, ಸೀಸ ಕರಗಿಸಿ ಹಾಕಿ (ಸೋಲ್ಡರ್ ಮಾಡಿ), ಟೇಪ್ ಸುತ್ತುವುದೇ ರೂಢಿ. ಸೀಸ ಹಾಕಿದರೆ ಗಟ್ಟಿ ಅಂತ ಎಲ್ಲರೂ ನಂಬಿದ್ದಾರೆ. ಗಟ್ಟಿಯೇ, ಅದೇ ತೊಂದರೆ. ಸೀಸ ಎಳೆಗಳ ಒಳಗೆ ಏರಿ ವೈರನ್ನು ಕಡ್ಡಿ ಮಾಡುತ್ತದೆ. ಅದು ಎಲ್ಲಿ ಮುಗಿಯುತ್ತದೋ ಅಲ್ಲೇ ಎಂಜಿನ್ ನಡುಕಕ್ಕೆ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ನಮ್ಮ ಗಾಡಿಯಲ್ಲೇ ಹಿಂದೆ ಯಾರೋ ಹಾಕಿದ್ದ ಇಂಥ ಒಂದು ಜಾಯಿಂಟ್ ಎಳೆದ ಕೂಡಲೇ ಕೈಗೆ ಬಂತು. ಹಾಗಾಗಿ ಎಲ್ಲಾ ಕಡೆ ಕ್ರಿಂಪ್ (ಸಣ್ಣ ಲೋಹದ ಕೊಳವೆಯಲ್ಲಿ ವೈರ್ ಇಟ್ಟು ಒತ್ತುವುದು) ಮಾಡಿಸಿದೆವು, ಅದೂ ಪೂರ್ತಿ ಒತ್ತುವವರೆಗೂ ಬಿಡದ ರ್‍ಯಾಚೆಟ್ ಇಕ್ಕಳದಲ್ಲಿ. ಒಂದೊಂದು ಜಾಯಿಂಟನ್ನೂ ಒತ್ತಿದ ಮೇಲೆ ಜೋರಾಗಿ ಎಳೆದು ನೋಡಿದರು. ಮತ್ತೆ, ಎಲ್ಲ ಜಾಯಿಂಟ್ ಒಂದೇ ಜಾಗದಲ್ಲಿ ಬರದ ಹಾಗೆ ಹಿಂದೆ ಮುಂದೆ ಮಾಡಿ ಕತ್ತರಿಸಿದರು. ಇಲ್ಲದಿದ್ದರೆ ಅಲ್ಲಿ ಗಂಟು ದಪ್ಪ ಆಗುತ್ತದೆ, ಮತ್ತೆ ಅದೇ ಎಲ್ಲಿಗಾದರೂ ಉಜ್ಜುತ್ತದೆ.

ಕತ್ತರಿಸುವಾಗ ಇನ್ನೊಂದು ನೋಡಿದೆ. ಕಪ್ಲರ್ ಹತ್ತಿರ ಸಿಪ್ಪೆ ಚೆನ್ನಾಗಿದ್ದರೂ ಒಳಗಿನ ತಾಮ್ರ ಹಸಿರು ಕಿಲುಬು ಹಿಡಿದಿತ್ತು. ನೀರು ಎಳೆಗಳ ಸಂದಿಯಲ್ಲೇ ಮೇಲೆ ಏರಿರುತ್ತದೆ. ಹೊಳೆಯುವ ತಾಮ್ರ ಸಿಗುವವರೆಗೂ ಹಿಂದೆ ಹಿಂದೆ ಕತ್ತರಿಸಿದರು, ಕೆಲವು ಕಡೆ ಒಂದು ಗೇಣಿಗಿಂತ ಜಾಸ್ತಿ ಹೋಯಿತು. ಕಿಲುಬಿನ ಮೇಲೆ ಕ್ರಿಂಪ್ ಮಾಡಿದರೆ ಕೆಲಸ ಮಾಡಿದ್ದೇ ದಂಡ.

ಎಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸಾರ್‌ನ ಎರಡು ವೈರ್ ಮೊದಲು ಹೇಗೆ ಹುರಿ ಮಾಡಿತ್ತೋ ಹಾಗೇ ಹುರಿ ಮಾಡಿಸಬೇಕು. ಸಿಗ್ನಲ್ ಸಣ್ಣದು, ಪಕ್ಕದಲ್ಲಿ ಇಂಜೆಕ್ಟರ್ ಲೈನ್ ಇರುತ್ತದೆ, ನೇರ ಬಿಟ್ಟರೆ ಅದರ ಗಲಾಟೆ ಇದಕ್ಕೆ ಬರುತ್ತದೆ.

ಕೆಲಸ ಮುಗಿದ ಮೇಲೆ ಚೆಕ್ ಮಾಡುವ ಬಗೆ. ಮಲ್ಟಿಮೀಟರ್ ಕೀಂ ಅಂದರೆ ಸರಿ ಅಂತ ಬಿಡುವವರೇ ಜಾಸ್ತಿ. ಆದರೆ ಹೆಚ್ಚಿನ ಮೀಟರ್‌ಗಳು ಹತ್ತಿಪ್ಪತ್ತು ಓಮ್ ಇದ್ದರೂ ಕೀಂ ಅನ್ನುತ್ತವೆ. ಇಂಜೆಕ್ಟರ್ ಕಾಯಿಲ್‌ನದೇ ಒಂದು ಓಮ್‌ಗಿಂತ ಕಡಿಮೆ, ಅದರ ವೈರ್‌ನಲ್ಲಿ ಹತ್ತು ಓಮ್ ಕೂತರೆ ಏನಾಗಬೇಕು? ನಮ್ಮವರು ಇಸಿಯು ಕಪ್ಲರ್ ತೆಗೆದಿಟ್ಟು, ಎರಡೂ ತುದಿ ಬಿಟ್ಟುಕೊಂಡು, ಒಂದೊಂದೇ ವೈರ್ ಮೂಲಕ 21 ವ್ಯಾಟ್‌ನ ಇಂಡಿಕೇಟರ್ ಬಲ್ಬ್ ಉರಿಸಿದರು. 24 ವೋಲ್ಟಿಗೆ ಅದು ಎಳೆಯುವುದು ಒಂದು ಆಂಪಿಯರ್‌ಗೆ ಸ್ವಲ್ಪ ಕಡಿಮೆ. ಬಲ್ಬ್ ಉರಿಯುತ್ತಿರುವಾಗ ವೈರ್‌ನ ಈ ತುದಿಗೂ ಆ ತುದಿಗೂ ವೋಲ್ಟ್ ಅಳೆದರು. 0.2 ವೋಲ್ಟ್‌ಗಿಂತ ಜಾಸ್ತಿ ಬಂದರೆ ಆ ವೈರ್ ವಾಪಸ್. ಇಸಿಯು ಕಪ್ಲರ್ ಹಾಕಿದ್ದಾಗ ಮಾತ್ರ ಇದನ್ನು ಯಾರೂ ಮಾಡಬೇಡಿ, ಇಸಿಯು ಸುಟ್ಟು ಹೋದರೆ ಲಾರಿಯ ಲೆಕ್ಕವೇ ಬೇರೆ ಆಗುತ್ತದೆ.

ಎಲ್ಲ ಸೇರಿ 20 ಸಾವಿರದ ಒಳಗೆ ಮುಗಿಯಿತು, ಕೂಲಿಯೇ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ. ಕೊಡುವಾಗ ಹೊಟ್ಟೆ ಉರಿದಿದ್ದು ನಿಜ. ಗಾಡಿ ಒಂದು ವಾರ ನಿಂತದ್ದು ಬೇರೆ.

ಈಗ ಮೂರು ಮಳೆಗಾಲದ ಫಲಿತಾಂಶ. ಆ ಹಳೇ ಕಾಟ ಮತ್ತೆ ಬಂದಿಲ್ಲ. ಘಾಟಿಯಲ್ಲಿ ಪಿಕಪ್ ಬಿದ್ದಿಲ್ಲ. ಕಳೆದ ಬೇಸಿಗೆಯಲ್ಲಿ ಕ್ಲಚ್ ಕೆಲಸಕ್ಕೆ ಅಂತ ಕ್ಯಾಬಿನ್ ಎತ್ತಿದಾಗ ಎರಡು ಕಡೆ ಟೇಪ್ ಬಿಚ್ಚಿಸಿ ನೋಡಿದೆ. ಎಕ್ಸ್‌ಎಲ್‌ಪಿಇ ವೈರ್ ಹಾಕಿದ ದಿನದಂತೆಯೇ ಬಾಗುತ್ತಿದೆ, ಕ್ರಿಂಪ್ ಒಳಗೆ ಕಿಲುಬಿಲ್ಲ. ಟರ್ಬೊ ಪಕ್ಕದಲ್ಲಿ ಬಟ್ಟೆ ಟೇಪ್ ಒಣಗಿ ಅಂಚು ಎದ್ದಿತ್ತು. ಅಲ್ಲಿ ಟೇಪ್ ಮಾತ್ರ ಸಾಲದು, ಫೈಬರ್‌ಗ್ಲಾಸ್ ಸ್ಲೀವ್ ಬೇಕು. ಈಗ ಹಾಕಿಸಿದೆ. ಮೊದಲೇ ಹೇಳಿದ್ದರೆ ಚೆನ್ನಾಗಿತ್ತು, ಎಲೆಕ್ಟ್ರಿಷಿಯನ್‌ಗೆ ಇದೊಂದು ಮೈನಸ್ ಮಾರ್ಕ್.

ಎರಡನೇ ಮಳೆಗಾಲದಲ್ಲಿ ಒಂದು ಹೊಸ ತೊಂದರೆ ಬಂದಿತ್ತು: ಸೆಲ್ಫ್ ನಿಧಾನ, ಮೀಟರ್ ಮುಳ್ಳುಗಳು ಅಲ್ಲಾಡುವುದು. ಹೊಸ ವೈರಿಂಗ್ ಮೇಲೇ ಎಲ್ಲರೂ ಗೂಬೆ ಕೂರಿಸಿದರು. ನೋಡಿದರೆ ಎಂಜಿನ್‌ನಿಂದ ಚಾಸಿಗೆ ಬರುವ ಅರ್ಥ್ ಪಟ್ಟಿ, ಬೋಲ್ಟ್ ಅಡಿಯಲ್ಲಿ ತುಕ್ಕು. ನಾವು ಮುಟ್ಟದೇ ಬಿಟ್ಟಿದ್ದ ಜಾಗ ಅದು. ಬಣ್ಣ ಕೆರೆದು, ಹೊಸ ಪಟ್ಟಿ ಹಾಕಿ, ಮೇಲೆ ಗ್ರೀಸ್ ಬಳಿದ ಮೇಲೆ ಸರಿಹೋಯಿತು. ಎಂಜಿನ್ ವೈರಿಂಗ್ ಕಟ್ಟಿಸುವವರು ಅದೇ ದಿನ ಅರ್ಥ್ ಪಟ್ಟಿಗಳನ್ನೂ ಬದಲಿಸಿಬಿಡಿ, ಅದು ದೊಡ್ಡ ಖರ್ಚೇ ಅಲ್ಲ.

ಸುರುಳಿ ಪೈಪ್‌ನ ಸೀಳು ಕೆಳಮುಖ ಇರಲಿ. ಮೇಲ್ಮುಖ ಇದ್ದರೆ ನೀರು, ಮಣ್ಣು ತುಂಬಿಕೊಳ್ಳುತ್ತದೆ, ನಮ್ಮದರಲ್ಲಿ ಆಗಿದ್ದೂ ಅದೇ. ಆಯುಧಪೂಜೆ ಹಿಂದಿನ ದಿನ ಎಂಜಿನ್‌ಗೆ ಡೀಸೆಲ್ ಹೊಡೆದು, ಪ್ರೆಷರ್ ನೀರಲ್ಲಿ ತೊಳೆಸುವುದನ್ನು ನಮ್ಮ ಗಾಡಿಗೆ ನಿಲ್ಲಿಸಿದ್ದೇನೆ. ಡ್ರೈವರ್‌ಗೆ ಬೇಜಾರು. ಚಾಸಿ, ಚಕ್ರ, ಕ್ಯಾಬಿನ್ ಎಷ್ಟು ಬೇಕಾದರೂ ತೊಳಿ, ಎಂಜಿನ್ ಬಟ್ಟೆಯಲ್ಲಿ ಒರೆಸು ಅಂದಿದ್ದೇನೆ. ಸೀರಿಯಲ್ ಸೆಟ್, ಎಕ್ಸ್‌ಟ್ರಾ ಹಾರ್ನ್ ಯಾವುದಕ್ಕೂ ಎಂಜಿನ್ ವೈರಿಂಗ್‌ನಿಂದ ಲೈನ್ ಎಳೆಯುವ ಹಾಗಿಲ್ಲ. ಬ್ಯಾಟರಿಯಿಂದಲೇ ಬೇರೆ ಫ್ಯೂಸ್ ಹಾಕಿ ಕೊಟ್ಟಿದ್ದೇವೆ.

ಕಾಮನ್ ರೈಲ್ ಅಲ್ಲದ, ಮಾಮೂಲಿ ಡೀಸೆಲ್ ಪಂಪಿನ ಹಳೇ ಎಂಜಿನ್ ಇದ್ದವರಿಗೆ ಇಷ್ಟೆಲ್ಲ ಬೇಡ. ಅದರ ಎಂಜಿನ್ ಮೇಲೆ ಇರುವುದೇ ಸೆಲ್ಫ್, ಡೈನಮೋ, ಸ್ಟಾಪ್ ಸೊಲೆನಾಯ್ಡ್, ಆಯಿಲ್ ಮತ್ತು ಟೆಂಪರೇಚರ್ ವೈರ್. ಒಳ್ಳೆ ಲೋಕಲ್ ಕಿಟ್ ಹಾಕಿ ಸುಮ್ನಿರಬಹುದು. ಇಲಿ ಕಡಿದು ಇಡೀ ಕಟ್ಟು ಚಿಂದಿಯಾಗಿದ್ದರೆ, ಅಥವಾ ಶಾರ್ಟ್ ಆಗಿ ಸುಟ್ಟಿದ್ದರೆ ರಿಪೇರಿಗೆ ಹೋಗಬೇಡಿ, ಕಂಪನಿ ಕಿಟ್ಟೇ ಸರಿ. ಬಿಸಿಗೆ, ವಯಸ್ಸಿಗೆ ಅಲ್ಲಲ್ಲಿ ಹಾಳಾದ ಕಾಮನ್ ರೈಲ್ ಗಾಡಿಗೆ ಮಾತ್ರ ಈ ದಾರಿ. ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಅಂಕ ಕಡಿಮೆ ಯಾಕೆ ಅಂದರೆ, ಪೂರ್ತಿ ಕೆಲಸ ಮಾಡುವವರ ಕೈ ಮೇಲೆ ನಿಂತಿದೆ. ರ್‍ಯಾಚೆಟ್ ಇಕ್ಕಳ ಇಲ್ಲದವರ ಹತ್ತಿರ ಕೊಡಬೇಡಿ.

ಕಟ್ಟಿಸಿದ ಮೇಲೆ ಬಾಡಿಗೋ ಚಾಸಿಗೋ ವೆಲ್ಡಿಂಗ್ ಮಾಡಿಸುವುದಿದ್ದರೆ ಬ್ಯಾಟರಿಯ ಎರಡೂ ತುದಿ ಮತ್ತು ಇಸಿಯು ಕಪ್ಲರ್ ಬಿಚ್ಚಿಸಿ, ವೆಲ್ಡಿಂಗ್ ಅರ್ಥ್ ಕ್ಲಾಂಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಹಾಕಿಸಿ. "ಐದೇ ನಿಮಿಷ, ಏನಾಗಲ್ಲ ಬಿಡಿ" ಅನ್ನುತ್ತಾರೆ. ಬಿಚ್ಚಿಸುವವರೆಗೆ ಗಾಡಿ ಪಕ್ಕದಲ್ಲೇ ನಿಂತಿರಿ.